ಗೊತ್ತಿರುವ ಕಥೆಯ ಹಿಂದಿನ ಕಥೆ

(ಶಿವಮೊಗ್ಗದ ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯವೇ ಒಂದು ಪ್ರಶ್ನೆ. ಜನ ಮೆಚ್ಚಿ ಓದಿದ ಕಾದಂಬರಿಯೊಂದಿದೆ. ಎಷ್ಟೋ ವರ್ಷದ ಮೇಲೆ ಯಾರೋ ‘ಅದಕ್ಕೂ ಮುಂಚೆ ಏನಾಗಿತ್ತು ಗೊತ್ತಾ’ ಅಂತ ಇನ್ನೊಂದು ಕಾದಂಬರಿ ಬರೆಯುತ್ತಾರೆ. ಅದು ಮೊದಲಿನದಕ್ಕೆ ಸಾಟಿಯಾಗುತ್ತದೆಯೇ? ಇಂಥ ಬರಹಕ್ಕೆ ಈಗ ಎಲ್ಲರೂ ಪ್ರೀಕ್ವೆಲ್ ಅನ್ನುತ್ತಾರೆ. 2025ರ ಅಕ್ಟೋಬರ್‌ನಲ್ಲಿ ‘ಕಾಂತಾರ: ಚಾಪ್ಟರ್ 1’ ಬಂದ ಮೇಲಂತೂ ಈ ಮಾತು ನಮ್ಮ ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲೂ ಕಿವಿಗೆ ಬೀಳುತ್ತದೆ. ಸಿನಿಮಾ ವಿಚಾರ ಇವತ್ತು ಬೇಡ. ಅದಕ್ಕೆ ಬೇರೆಯೇ ಲೆಕ್ಕ, ಜಗಳವೂ ಜಾಸ್ತಿ. ನಾನು ಪುಸ್ತಕಗಳ ಬಗ್ಗೆ ಮಾತ್ರ ಮಾತಾಡುತ್ತೇನೆ.

ಹೆಚ್ಚಿನ ಸಲ ಸಾಟಿಯಾಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಆಗುವುದಿಲ್ಲ ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಒಂದೇ ಉತ್ತರ ಕೊಡುತ್ತಾರೆ: ‘ಕೊನೆ ಮೊದಲೇ ಗೊತ್ತಿರುತ್ತಲ್ಲ ಸಾರ್, ಇನ್ನೇನು ಕುತೂಹಲ?’

ಈ ಮಾತನ್ನು ಬೇರೆ ಊರಲ್ಲಿ ಹೇಳಿದರೆ ನಡೆದೀತು. ಮಲೆನಾಡಿನಲ್ಲಿ ನಿಂತು ಹೇಳಬಾರದು. ಕರ್ಣಪರ್ವದ ತಾಳಮದ್ದಳೆಗೆ, ಅಂದರೆ ವೇಷ ಕುಣಿತಗಳಿಲ್ಲದ ಮಾತಿನ ಯಕ್ಷಗಾನಕ್ಕೆ, ಬಂದು ಕೂತವರಲ್ಲಿ ಕರ್ಣ ಸಾಯುತ್ತಾನೆ ಅಂತ ಗೊತ್ತಿಲ್ಲದವರು ಯಾರಿದ್ದಾರೆ? ರಥದ ಚಕ್ರ ಹೂತುಹೋಗುವುದು ಚಿಕ್ಕ ಮಕ್ಕಳಿಗೂ ಗೊತ್ತು. ಆದರೂ ಜನ ಬೆಳಗಿನ ಜಾವದವರೆಗೆ ಕದಲುವುದಿಲ್ಲ. ಭಾಗವತರು ಪದ್ಯ ಮುಗಿಸುತ್ತಾರೆ. ಕರ್ಣನ ಅರ್ಥಧಾರಿ, ಅಂದರೆ ಆ ಪಾತ್ರವಾಗಿ ಮಾತಾಡುವವರು, ಪೀಠಿಕೆ ಶುರು ಮಾಡುತ್ತಾರೆ. ಆ ಪೀಠಿಕೆ ಏನು ಹೇಳಿ? ಈ ಯುದ್ಧಭೂಮಿಗೆ ನಾನು ಯಾವ ದಾರಿಯಲ್ಲಿ ಬಂದೆ ಅಂತ ಆ ಪಾತ್ರ ತಾನೇ ಹೇಳಿಕೊಳ್ಳುವ ಹಿಂದಿನ ಕಥೆ.

ಒಬ್ಬರು ರಾಧೆಯ ಮನೆಯಿಂದ ಶುರು ಮಾಡುತ್ತಾರೆ. ಇನ್ನೊಬ್ಬರು ಪರಶುರಾಮ ತನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಗ ಹುಳ ಕೊರೆದ ನೋವಿನಿಂದ ಶುರು ಮಾಡುತ್ತಾರೆ. ಮತ್ತೊಬ್ಬರಿಗೆ, ಬಿಲ್ಲು ಹಿಡಿದು ರಂಗಕ್ಕೆ ಇಳಿದಾಗ ‘ನಿನ್ನ ಕುಲ ಯಾವುದು’ ಅಂತ ಕೇಳಿದ ಆ ಗಳಿಗೆಯೇ ಎಲ್ಲದಕ್ಕೂ ಮೂಲ. ಕೊನೆ ಮೂವರಿಗೂ ಒಂದೇ. ಆದರೆ ರಾಧೆಯ ಮಗನಾಗಿ ಸಾಯುವ ಕರ್ಣ ಬೇರೆ, ಗುರುವಿನ ಶಾಪ ಹೊತ್ತು ಸಾಯುವ ಕರ್ಣ ಬೇರೆ. ಹಿಂದಿನದನ್ನು ಯಾವ ತುದಿಯಿಂದ ಹಿಡಿದರು ಅನ್ನುವುದರ ಮೇಲೆ ಅವತ್ತಿನ ಸಾವು ನಿಂತಿರುತ್ತದೆ. ಚಾಪೆಯ ಮೇಲೆ ಕೂತ ಹಿರಿಯರು ‘ಇವತ್ತಿನ ಪೀಠಿಕೆ ಸ್ವಲ್ಪ ಸಪ್ಪೆ’ ಅನ್ನುವುದು ಇದಕ್ಕೇ. ಅವರು ವಿಮರ್ಶಕರು. ಹಾಗಂತ ಅವರಿಗೆ ಹೇಳಿದರೆ ನಗುತ್ತಾರೆ ಅಷ್ಟೆ.

ಹಾಗಾಗಿ ಕೊನೆ ಗೊತ್ತಿರುವುದು ತೊಂದರೆಯೇ ಅಲ್ಲ. ತೊಂದರೆ ಇರುವುದು ಬೇರೆ ಕಡೆ.

ಮಕ್ಕಳಿಗಾಗಿ ಸಿ.ಎಸ್. ಲೂಯಿಸ್ ಬರೆದ ನಾರ್ನಿಯಾ ಪುಸ್ತಕಗಳನ್ನು ನಿಮ್ಮಲ್ಲಿ ಕೆಲವರು ಓದಿರುತ್ತೀರಿ. 1950ರ ಮೊದಲ ಪುಸ್ತಕದಲ್ಲಿ ಲೂಸಿ ಅನ್ನುವ ಹುಡುಗಿ ಬಟ್ಟೆಯ ಬೀರುವಿನೊಳಗೆ ಹೊಕ್ಕು ಮುಂದೆ ಮುಂದೆ ಹೋಗುತ್ತಾಳೆ. ಕೋಟುಗಳ ಹಿಂದೆ ಕಾಡು, ಹಿಮ. ಆ ಕಾಡಿನ ನಡುವೆ ಒಂದು ಬೀದಿ ದೀಪದ ಕಂಬ, ಉರಿಯುತ್ತಾ ನಿಂತಿದೆ. ಊರಿಲ್ಲ, ಬೀದಿಯಿಲ್ಲ, ಕಂಬ ಮಾತ್ರ ಇದೆ. ಅದನ್ನು ಓದಿದ ಮಗು ದೊಡ್ಡದಾದರೂ ಆ ಕಂಬವನ್ನು ಮರೆಯುವುದಿಲ್ಲ. ಐದು ವರ್ಷದ ಮೇಲೆ, 1955ರಲ್ಲಿ, ಲೂಯಿಸ್ ಅದೇ ಲೋಕದ ಹಿಂದಿನ ಕಥೆ ಬರೆದರು. ಅದರಲ್ಲಿ ಲಂಡನ್ನಿನ ದೀಪದ ಕಂಬದಿಂದ ಮಾಟಗಾತಿ ಒಂದು ಕಬ್ಬಿಣದ ತುಂಡು ಕಿತ್ತಿರುತ್ತಾಳೆ. ಆಗಷ್ಟೇ ಹುಟ್ಟುತ್ತಿರುವ ನಾರ್ನಿಯಾದಲ್ಲಿ ಅದನ್ನು ಸಿಂಹದ ಮೇಲೆ ಎಸೆಯುತ್ತಾಳೆ. ಹೊಸ ನೆಲ ಅಲ್ವಾ, ಬಿದ್ದದ್ದೆಲ್ಲ ಚಿಗುರುತ್ತದೆ. ತುಂಡು ಬೆಳೆದು ಕಂಬವಾಗುತ್ತದೆ. ಆ ಬೀರುವಿನ ಮರ ಎಲ್ಲಿಂದ ಬಂತು ಅನ್ನುವುದಕ್ಕೂ ಲೆಕ್ಕ ಸಿಗುತ್ತದೆ.

ಚೆನ್ನಾಗಿಯೇ ಬರೆದಿದ್ದಾರೆ, ಇಲ್ಲ ಅನ್ನುವುದಿಲ್ಲ. ಕಬ್ಬಿಣ ಚಿಗುರುವ ಕಲ್ಪನೆ ಸೊಗಸು. ಆದರೆ ಆ ಪುಸ್ತಕ ಮುಗಿಸಿ ಮೊದಲಿನದಕ್ಕೆ ವಾಪಸ್ ಹೋದರೆ ಕಂಬದ ಕೆಳಗೆ ನಿಂತಾಗ ಆಗುತ್ತಿದ್ದ ಆ ‘ಇದೇನಿದು!’ ಇಲ್ಲವಾಗಿರುತ್ತದೆ. ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಾಯಿತು. ಪ್ರೀಕ್ವೆಲ್‌ಗಳ ದೊಡ್ಡ ಚಾಳಿ ಇದು. ವಿಲನ್‌ನ ಮುಖದ ಗಾಯದ ಗುರುತು ಹೇಗೆ ಬಂತು, ಅಜ್ಜಿಯ ಉಂಗುರ ಯಾರ ಕೈ ದಾಟಿ ಬಂತು ಅಂತ ಒಂದೊಂದಕ್ಕೂ ರಸೀದಿ ಕೊಡುತ್ತಾ ಹೋಗುತ್ತವೆ. ಓದುವಾಗ ಖುಷಿಯಾಗುತ್ತದೆ, ಪರಿಚಯದವರನ್ನು ಸಂತೆಯಲ್ಲಿ ಕಂಡಷ್ಟು. ಪುಸ್ತಕ ಮುಚ್ಚಿದ ಮೇಲೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಈ ಚಾಳಿಯಿಂದ ಪೂರ್ತಿ ತಪ್ಪಿಸಿಕೊಂಡ ಕಾದಂಬರಿಯೊಂದಿದೆ. ಇವತ್ತು ಅದಕ್ಕೇ ಹೆಚ್ಚು ಹೊತ್ತು ಕೊಡಬೇಕು ಅಂತ ಬಂದಿದ್ದೇನೆ. ಜೀನ್ ರೀಸ್ ಬರೆದ ‘ವೈಡ್ ಸಾರ್ಗಾಸೋ ಸೀ’, 1966ರದ್ದು. ಅದರ ಮೂಲ 1847ರಲ್ಲಿ ಬಂದ ಶಾರ್ಲಟ್ ಬ್ರಾಂಟೆಯ ‘ಜೇನ್ ಏರ್’.

‘ಜೇನ್ ಏರ್’ ಓದಿಲ್ಲದವರಿಗೆ ನಾಲ್ಕು ಮಾತು. ಜೇನ್ ತಬ್ಬಲಿ ಹುಡುಗಿ. ಥಾರ್ನ್‌ಫೀಲ್ಡ್ ಅನ್ನುವ ದೊಡ್ಡ ಮನೆಗೆ ಒಂದು ಮಗುವಿಗೆ ಪಾಠ ಹೇಳುವ ಕೆಲಸಕ್ಕೆ ಬರುತ್ತಾಳೆ. ಮನೆಯ ಯಜಮಾನ ರಾಚೆಸ್ಟರ್. ಇಬ್ಬರ ನಡುವೆ ಪ್ರೀತಿಯಾಗುತ್ತದೆ. ಮೇಲಿನ ಅಂತಸ್ತಿನಿಂದ ಆಗಾಗ ಯಾರೋ ನಗುವುದು ಕೇಳುತ್ತದೆ. ಮದುವೆಯ ದಿನ ಚರ್ಚಿನಲ್ಲೇ ಗುಟ್ಟು ಹೊರಬೀಳುತ್ತದೆ. ರಾಚೆಸ್ಟರ್‌ಗೆ ಈಗಾಗಲೇ ಹೆಂಡತಿ ಇದ್ದಾಳೆ. ಜಮೈಕಾದವಳು, ಹೆಸರು ಬರ್ಥಾ. ಹುಚ್ಚು ಅಂತ ಹೇಳಿ ಮೂರನೇ ಅಂತಸ್ತಿನಲ್ಲಿ ಕೂಡಿಹಾಕಿದ್ದಾರೆ, ಕಾವಲಿಗೆ ಒಬ್ಬಳು ಕೆಲಸದವಳು. ಜೇನ್ ಮನೆ ಬಿಟ್ಟು ಹೋಗುತ್ತಾಳೆ. ಬರ್ಥಾ ಒಂದು ರಾತ್ರಿ ಮನೆಗೆ ಬೆಂಕಿಯಿಟ್ಟು ಮೇಲಿಂದ ಹಾರಿ ಸಾಯುತ್ತಾಳೆ. ಕಣ್ಣು ಕಳೆದುಕೊಂಡ ರಾಚೆಸ್ಟರ್ ಹತ್ತಿರ ಜೇನ್ ವಾಪಸ್ ಬರುತ್ತಾಳೆ, ಮದುವೆಯಾಗುತ್ತದೆ.

ಜೇನ್ ನಮ್ಮ ಹತ್ತಿರ ನೇರವಾಗಿ ಮಾತಾಡುತ್ತಾಳೆ. ಬಡವಿ, ರೂಪವಂತೆಯಲ್ಲ, ಆದರೆ ಯಾರ ಮುಂದೆಯೂ ತಲೆ ತಗ್ಗಿಸುವವಳಲ್ಲ. ಅವಳ ಪಕ್ಷ ವಹಿಸದೆ ಇರಲು ಸಾಧ್ಯವೇ ಇಲ್ಲ. ಹಾಗಾಗಿಯೇ ಬರ್ಥಾ ಸತ್ತಾಗ ನಮಗೆ ನಿಜ ಹೇಳಬೇಕೆಂದರೆ ನಿರಾಳವಾಗುತ್ತದೆ. ದಾರಿ ಸಲೀಸಾಯಿತಲ್ಲ! ಆ ಹೆಂಗಸು ಯಾರ ಮಗಳು, ಹೇಗೆ ಅಲ್ಲಿಗೆ ಬಂದಳು ಅನ್ನುವುದೆಲ್ಲ ನಮಗೆ ಗೊತ್ತಾಗುವುದು ಗಂಡನ ಬಾಯಿಂದ. ಮದುವೆ ನಿಂತುಹೋದ ಮೇಲೆ ರಾಚೆಸ್ಟರ್ ಜೇನ್‌ಗೆ ಕಥೆ ಹೇಳುತ್ತಾನೆ. ಅಪ್ಪನೂ ಅಣ್ಣನೂ ಸೇರಿ ಮಾಡಿದ ಮದುವೆ, ಮೂವತ್ತು ಸಾವಿರ ಪೌಂಡ್ ವರದಕ್ಷಿಣೆ, ಹುಡುಗಿಯ ತಾಯಿಗೂ ಹುಚ್ಚಿತ್ತು, ನನ್ನಿಂದ ಮುಚ್ಚಿಟ್ಟರು ಅಂತ. ನಾವು ನಂಬುತ್ತೇವೆ. ಯಾಕಂದರೆ ಜೇನ್ ನಂಬುತ್ತಾಳೆ.

ಜೀನ್ ರೀಸ್ ನಂಬಲಿಲ್ಲ. ಆಕೆ ಹುಟ್ಟಿದ್ದು 1890ರಲ್ಲಿ, ಕೆರಿಬಿಯನ್ನಿನ ಡೊಮಿನಿಕಾ ದ್ವೀಪದಲ್ಲಿ. ಹದಿನಾರನೇ ವಯಸ್ಸಿಗೆ ಇಂಗ್ಲೆಂಡಿಗೆ ಬಂದವರು. ಬರ್ಥಾ ಆಕೆಗೆ ತನ್ನ ಸೀಮೆಯ ಹುಡುಗಿ. 1939ರಲ್ಲಿ ಒಂದು ಕಾದಂಬರಿ ಬರೆದ ಮೇಲೆ ಆಕೆಯಿಂದ ಬೇರೆ ಕಾದಂಬರಿ ಬರಲಿಲ್ಲ. ಬದುಕಿದ್ದಾರೋ ಇಲ್ಲವೋ ಅನ್ನುವಷ್ಟು ಮರೆತಿದ್ದರು ಜನ. ಈ ಪುಸ್ತಕ ಬಂದಾಗ ಆಕೆಗೆ ಎಪ್ಪತ್ತಾರು ವರ್ಷ.

ಈ ಕಾದಂಬರಿಯಲ್ಲಿ ಹುಡುಗಿಯ ಹೆಸರು ಬರ್ಥಾ ಅಲ್ಲ, ಆಂಟ್ವಾನೆಟ್. ಬರ್ಥಾ ಅನ್ನುವುದು ಗಂಡ ಆಮೇಲೆ ಇಟ್ಟ ಹೆಸರು. ನಮ್ಮಲ್ಲೂ ಮದುವೆಯಾದ ಹುಡುಗಿಗೆ ಅಕ್ಕಿಯ ಮೇಲೆ ಹೊಸ ಹೆಸರು ಬರೆಸುತ್ತಿದ್ದರು, ಅದೇನೂ ದೂರದ ಮಾತಲ್ಲ. ಗಂಡನ ಹೆಸರನ್ನು ಮಾತ್ರ ರೀಸ್ ಇಡೀ ಪುಸ್ತಕದಲ್ಲಿ ಒಂದು ಕಡೆಯೂ ಬರೆಯುವುದಿಲ್ಲ. ಅವನು ಯಾರು ಅಂತ ನಮಗೆ ಗೊತ್ತು. ಹೇಳಬೇಕಾಗಿಲ್ಲ. ಬೇರೆಯವರಾಗಿದ್ದರೆ ಮೊದಲ ಪುಟದಲ್ಲೇ ‘ರಾಚೆಸ್ಟರ್’ ಅಂತ ದೊಡ್ಡದಾಗಿ ಬರೆದು ನಮ್ಮ ಕಡೆ ಕಣ್ಣು ಮಿಟುಕಿಸುತ್ತಿದ್ದರು.

ಒಂದು ಪ್ರಸಂಗ ನೋಡಿ. ಆಂಟ್ವಾನೆಟ್ ಚಿಕ್ಕವಳು. ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿದಿದೆ. ಬ್ರಿಟಿಷರ ಆ ಕಾಯ್ದೆ 1833ರದ್ದು, ಜಾರಿಗೆ ಬಂದದ್ದು 1834ರಲ್ಲಿ. ಗುಲಾಮರನ್ನು ಇಟ್ಟುಕೊಂಡಿದ್ದ ಅವಳ ಮನೆತನ ದಿವಾಳಿಯಾಗಿದೆ. ಕಪ್ಪು ಜನಕ್ಕೆ ಇವರ ಮೇಲೆ ಸಿಟ್ಟು, ಶ್ರೀಮಂತ ಬಿಳಿಯರಿಗೆ ತಾತ್ಸಾರ. ಎರಡೂ ಕಡೆಗೂ ಸಲ್ಲದವರು. ಒಂದು ರಾತ್ರಿ ಜನ ಬಂದು ಮನೆಗೆ ಬೆಂಕಿ ಹಚ್ಚುತ್ತಾರೆ. ಮನೆಯವರು ಓಡಿ ಹೊರಗೆ ಬರುತ್ತಾರೆ. ಅಮ್ಮನ ಗಿಳಿ ಒಳಗೇ ಉಳಿದಿದೆ. ಅದು ಮಹಡಿಯ ಕಟಕಟೆಯ ಮೇಲೆ ಕಾಣಿಸಿಕೊಳ್ಳುತ್ತದೆ, ಮೈಗೆ ಬೆಂಕಿ ಹತ್ತಿದೆ. ಹಾರಲು ನೋಡುತ್ತದೆ, ಆಗುವುದಿಲ್ಲ. ಮಲತಂದೆ ಅದರ ರೆಕ್ಕೆ ಕತ್ತರಿಸಿದ್ದಾನೆ. ಉರಿಯುತ್ತಾ ಕೆಳಗೆ ಬೀಳುತ್ತದೆ. ಗಿಳಿ ಸಾಯುವುದನ್ನು ನೋಡಿದರೆ ಕೇಡು ಅಂತ ಹೆದರಿ ಗುಂಪು ಚದುರುತ್ತದೆ.

‘ಜೇನ್ ಏರ್’ ಓದಿದವರಿಗೆ ಇಲ್ಲಿ ಎದೆ ಝಲ್ ಅನ್ನುತ್ತದೆ. ಉರಿಯುವ ಮನೆಯ ಮೇಲಿಂದ ಬೀಳುವುದು ಮುಂದೆ ಯಾರ ಪಾಲಿಗಿದೆ ಅಂತ ನಮಗೆ ಗೊತ್ತು. ಆಂಟ್ವಾನೆಟ್‌ಗೆ ಗೊತ್ತಿಲ್ಲ. ರೀಸ್ ಅದನ್ನು ಬಿಡಿಸಿ ಹೇಳುವುದೂ ಇಲ್ಲ. ಮೂಲವನ್ನು ಓದಿಲ್ಲದವರಿಗೆ ಇದು ಒಂದು ಗಿಳಿಯ ಸಾವು, ಅಷ್ಟೇ ಆದರೂ ಸಾಕಾಗುವಷ್ಟು ಭಯಂಕರ. ಕೊನೆ ಗೊತ್ತಿರುವುದನ್ನು ಬಳಸಿಕೊಳ್ಳುವುದು ಅಂದರೆ ಇದು. ಅರ್ಥಧಾರಿಗಳು ಮಾಡುವುದೂ ಇದನ್ನೇ.

ಎರಡನೇ ಭಾಗದಲ್ಲಿ ಹೆಚ್ಚಾಗಿ ಮಾತಾಡುವವನು ಗಂಡ. ಇದು ನನಗೆ ತುಂಬ ಹಿಡಿಸಿದ ಭಾಗ. ಮದುವೆಯಾದ ಹೊಸದರಲ್ಲಿ ಇಬ್ಬರೂ ಗುಡ್ಡದ ಮೇಲಿನ ಮನೆಯೊಂದಕ್ಕೆ ಹೋಗುತ್ತಾರೆ. ಮಳೆ, ಕಾಡು, ಪತಂಗಗಳು. ಅವಳಿಗೆ ಅದು ಲೋಕದಲ್ಲೇ ಇಷ್ಟವಾದ ಜಾಗ. ಅವನಿಗೆ ಎಲ್ಲವೂ ಜಾಸ್ತಿ. ಹಸಿರು ಜಾಸ್ತಿ, ನೀಲಿ ಜಾಸ್ತಿ, ಹೂವಿನ ಕೆಂಪು ಜಾಸ್ತಿ, ಗುಡ್ಡ ಮೈಮೇಲೆ ಬಂದಂತೆ. ಆಗುಂಬೆಯ ಮಳೆಗಾಲಕ್ಕೆ ಮೊದಲ ಸಲ ಸಿಕ್ಕಿಕೊಂಡ ಬಯಲುಸೀಮೆಯ ಅಳಿಯನ ಮುಖ ನೆನಪಾಗುತ್ತದೆ ನನಗೆ. ಅಳಿಯ ಪಾಪ ಎರಡು ದಿನ ಇದ್ದು ಬಸ್ ಹತ್ತುತ್ತಾನೆ. ಈ ಗಂಡನಿಗೆ ಆ ಜಾಗವೂ ಹೆಂಡತಿಯೂ ಒಂದೇ ಆಗಿಬಿಡುತ್ತಾರೆ. ತನಗೆ ಅರ್ಥವಾಗದ್ದನ್ನೆಲ್ಲ ಅವಳ ತಲೆಗೆ ಕಟ್ಟುತ್ತಾನೆ. ಹುಚ್ಚಿನ ಕಥೆಯನ್ನು ಒಬ್ಬ ದಾಯಾದಿ ಪತ್ರ ಬರೆದು ತಿಳಿಸಿದಾಗ ಅವನಿಗೆ ಅದು ನೆಪವಾಗುತ್ತದೆ. ಅವಳ ಆಸ್ತಿ ಆಗಲೇ ಅವನ ಕೈ ಸೇರಿದೆ. ಅವಳನ್ನು ಸಾಕಿದ ಕ್ರಿಸ್ಟೋಫೀನ್ ಅನ್ನುವ ಹೆಂಗಸು ಇದನ್ನು ಅವನ ಮುಖಕ್ಕೇ ಹೇಳುತ್ತಾಳೆ. ಅವಳಿಗೆ ಅವನು ಕೊಡುವ ಉತ್ತರ ಪೊಲೀಸರ ಬೆದರಿಕೆ.

ರೀಸ್ ಅವನನ್ನು ರಾಕ್ಷಸ ಮಾಡುವುದಿಲ್ಲ. ಅಪ್ಪನ ಮುಂದೆ ನಿಲ್ಲಲಾಗದ ಎರಡನೇ ಮಗ ಅವನು. ಜ್ವರ ಬಂದು ಎದ್ದಿದ್ದಾನೆ, ಭಾಷೆ ಬರುವುದಿಲ್ಲ, ಎಲ್ಲರೂ ತನ್ನನ್ನು ನೋಡಿ ನಗುತ್ತಿದ್ದಾರೆ ಅನ್ನುವ ಅನುಮಾನ. ಓದುತ್ತಾ ಹೋದ ಹಾಗೆ ಅವನ ಮೇಲೆ ಕನಿಕರವೂ ಹುಟ್ಟುತ್ತದೆ. ಅದೇ ಕನಿಕರದ ನಡುವೆ ಅವಳ ಬದುಕು ಮುಗಿಯುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ನನಗೆ ಬಹಳ ದೊಡ್ಡದು. ‘ಜೇನ್ ಏರ್’ ಕೊನೆಯ ಭಾಗದಲ್ಲಿ ಜೇನ್‌ಗೆ ಒಬ್ಬರು ಆಗತಾನೇ ಪ್ರಕಟವಾದ ಪುಸ್ತಕವೊಂದನ್ನು ತಂದುಕೊಡುತ್ತಾರೆ. ಅದು ವಾಲ್ಟರ್ ಸ್ಕಾಟ್‌ನ ‘ಮಾರ್ಮಿಯನ್’, ಅಂದರೆ 1808. ಆ ಲೆಕ್ಕದಲ್ಲಿ ಬರ್ಥಾಳ ಮದುವೆ ಗುಲಾಮಗಿರಿ ರದ್ದಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಆಗಿರಬೇಕು. ರೀಸ್ ಅದನ್ನು ಕೇರ್ ಮಾಡದೆ ಕಥೆಯನ್ನು 1834ರ ಈಚೆಗೆ ತಂದರು. ಲೆಕ್ಕ ತಪ್ಪಿತು. ಮೂಲಕ್ಕೆ ನಿಷ್ಠೆ ಬೇಕು ಅನ್ನುವವರು ಹುಬ್ಬು ಗಂಟಿಕ್ಕಬಹುದು. ಆದರೆ ಎರಡೂ ಕಡೆಗೆ ಸಲ್ಲದ ಆ ಮನೆತನ, ಆ ಸಿಟ್ಟು, ಆ ಬೆಂಕಿ, ಇವೆಲ್ಲ ಬೇಕಿದ್ದದ್ದು ಆ ಕಾಲದಲ್ಲಿ. ತನ್ನ ಕಥೆಗೆ ಬೇಕಾದ್ದನ್ನು ಆರಿಸಿಕೊಂಡರು, ಬ್ರಾಂಟೆಯ ಕ್ಯಾಲೆಂಡರ್ ಬದಿಗಿಟ್ಟರು. ಈ ಧೈರ್ಯ ಇಲ್ಲದವರು ಪ್ರೀಕ್ವೆಲ್ ಬರೆಯುವ ಗೋಜಿಗೆ ಹೋಗಬಾರದು.

ಹಾಗಾದರೆ ‘ಜೇನ್ ಏರ್’ಗೆ ಸಾಟಿಯೇ? ಕಥೆ ಹೇಳುವ ಓಟದಲ್ಲಿ ಅಲ್ಲ. ಬ್ರಾಂಟೆ ಕೈ ಹಿಡಿದು ಎಳೆದುಕೊಂಡು ಹೋಗುತ್ತಾರೆ, ರಾತ್ರಿ ಎರಡಾದರೂ ಪುಸ್ತಕ ಕೆಳಗಿಡಲು ಬಿಡುವುದಿಲ್ಲ. ರೀಸ್‌ರ ಪುಸ್ತಕ ಚಿಕ್ಕದು, ಆದರೂ ಅಲ್ಲಲ್ಲಿ ನಿಲ್ಲಬೇಕಾಗುತ್ತದೆ, ಯಾರು ಮಾತಾಡುತ್ತಿದ್ದಾರೆ ಅಂತ ಹಿಂದಿನ ಪುಟಕ್ಕೆ ಹೋಗಬೇಕಾಗುತ್ತದೆ. ಮೂರನೇ ಭಾಗ, ಇಂಗ್ಲೆಂಡಿನ ಆ ಕೋಣೆಯ ಭಾಗ, ತೀರಾ ಚಿಕ್ಕದಾಯಿತು ಅಂತ ನನ್ನ ತಕರಾರಿದೆ. ಮೂಲವನ್ನು ಓದಿಲ್ಲದವರಿಗೆ ಆ ಪುಟಗಳು ಅರ್ಧ ಕತ್ತಲೆ. ಕೊನೆಯಲ್ಲಿ ಆಂಟ್ವಾನೆಟ್ ಮೇಣದ ಬತ್ತಿ ಹಿಡಿದು ಕೋಣೆಯಿಂದ ಹೊರಡುತ್ತಾಳೆ. ಬೆಂಕಿ ಇನ್ನೂ ಹತ್ತಿಲ್ಲ. ಅಲ್ಲಿಗೆ ನಿಲ್ಲಿಸಿದ್ದಾರೆ. ಉಳಿದದ್ದು ಬ್ರಾಂಟೆಯ ಪುಸ್ತಕದಲ್ಲಿದೆ, ಹೋಗಿ ಓದಿಕೊಳ್ಳಿ ಅಂದ ಹಾಗೆ.

ಹೋಗಿ ಓದಿದರೆ ಏನಾಗುತ್ತದೆ ಅನ್ನುವುದೇ ಮುಖ್ಯ. ಮತ್ತೆ ‘ಜೇನ್ ಏರ್’ ತೆರೆದಾಗ, ಮೇಲಿನ ಅಂತಸ್ತಿನ ಆ ನಗು ಕೇಳಿದಾಗ, ಈ ಸಲ ನಮಗೆ ಹೆದರಿಕೆಯಾಗುವುದಿಲ್ಲ. ಮೇಲೆ ಹೋಗಿ ಬಾಗಿಲು ತೆಗೆಯಬೇಕು ಅನ್ನಿಸುತ್ತದೆ. ನೂರಾ ಹತ್ತೊಂಬತ್ತು ವರ್ಷ ಜನ ಓದಿದ್ದ ಪುಸ್ತಕದ ಒಂದಕ್ಷರವನ್ನೂ ಮುಟ್ಟದೆ ಅದನ್ನು ಬೇರೆ ಪುಸ್ತಕ ಮಾಡಿಬಿಟ್ಟರು. ಪ್ರೀಕ್ವೆಲ್‌ಗೆ ನಾನು ಇಡುವ ಪರೀಕ್ಷೆ ಇದೊಂದೇ: ಓದಿ ಮುಗಿಸಿ ಮೂಲಕ್ಕೆ ಮರಳಿದಾಗ ಅಲ್ಲಿ ಏನಾದರೂ ಅಲುಗಾಡಿದೆಯೇ?

ಇದು ಹೊಸ ಪರೀಕ್ಷೆ ಅಂದುಕೊಳ್ಳಬೇಡಿ. ಜನ್ನ 1209ರಲ್ಲೇ ಇದನ್ನು ಮಾಡಿ ತೋರಿಸಿದ್ದಾನೆ. ‘ಯಶೋಧರ ಚರಿತೆ’ ಶುರುವಾಗುವುದು ಕತ್ತಿಯ ಕೆಳಗೆ. ರಾಜ ಮಾರಿದತ್ತ ಚಂಡಮಾರಿಗೆ ಬಲಿ ಕೊಡಬೇಕು ಅಂತ ಅಣ್ಣ ತಂಗಿ ಇಬ್ಬರು ಎಳೆಯರನ್ನು ತರಿಸಿದ್ದಾನೆ. ಅಭಯರುಚಿ, ಅಭಯಮತಿ. ಅವರು ಹೆದರದೆ ನಿಂತಿರುವುದನ್ನು ಕಂಡು ರಾಜನಿಗೆ ಆಶ್ಚರ್ಯ, ಯಾರು ನೀವು ಅನ್ನುತ್ತಾನೆ. ಹುಡುಗ ಹೇಳುವುದು ಈ ಜನ್ಮದ ಕಥೆಯನ್ನಲ್ಲ. ಹಿಂದೆ ತಾನು ಯಶೋಧರನಾಗಿದ್ದದ್ದು, ಹೆಂಡತಿ ಅಮೃತಮತಿ ಮಾವುತನ ಹಾಡಿಗೆ ಮನಸೋತದ್ದು, ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟದ್ದು, ಅದರ ಪಾಪಕ್ಕೆ ತಾಯಿ ಮಗ ಇಬ್ಬರೂ ಪ್ರಾಣಿ ಪಕ್ಷಿಗಳಾಗಿ ಹುಟ್ಟಿ ಹುಟ್ಟಿ ಸತ್ತದ್ದು. ಕಥೆ ಮುಗಿಯುವ ಹೊತ್ತಿಗೆ ಮಾರಿದತ್ತ ಮೊದಲಿನ ಮಾರಿದತ್ತನಾಗಿ ಉಳಿದಿಲ್ಲ. ಬಲಿ ನಿಂತಿದೆ. ಹಿಂದಿನ ಕಥೆ ಹಿಂದೆಯೇ ಉಳಿಯದೆ ಈಗ ಎತ್ತಿರುವ ಕತ್ತಿಗೆ ಅಡ್ಡ ಬಂತು.

ಪಂಪನ ‘ಆದಿಪುರಾಣ’ದಲ್ಲಂತೂ ಭವಾವಳಿಗಳೇ ಎಷ್ಟೊಂದು. ಆದಿನಾಥನ ಕಥೆಗೆ ಬರುವ ಮೊದಲು ಅವನ ಹಿಂದಿನ ಜನ್ಮಗಳನ್ನು ಹಾದು ಬರಬೇಕು. ವಜ್ರಜಂಘ, ಶ್ರೀಮತಿ ಇಬ್ಬರೂ ಶಯ್ಯಾಗೃಹದ ಧೂಪದ ಹೊಗೆ ತುಂಬಿ ಒಬ್ಬರನ್ನೊಬ್ಬರು ತಬ್ಬಿಕೊಂಡೇ ಸಾಯುವ ಭಾಗ ಇದೆಯಲ್ಲ, ಕನ್ನಡ ಮೇಷ್ಟ್ರುಗಳು ತರಗತಿಯಲ್ಲಿ ಕಣ್ಣು ಒದ್ದೆ ಮಾಡಿಕೊಳ್ಳುವುದು ಅಲ್ಲಿ. ನೀಲಾಂಜನೆಯ ನೃತ್ಯವನ್ನು ಬಿಟ್ಟರೆ ನನಗೆ ನೆನಪಿನಲ್ಲಿ ಉಳಿದಿರುವುದು ಈ ಹಿಂದಿನ ಜನ್ಮವೇ. ಮೂಲ ಕಥೆಗಿಂತ ಮುಂಚಿನ ಕಥೆ ಹೆಚ್ಚು ಇಷ್ಟವಾಗುವುದೂ ಉಂಟು ಅನ್ನುವುದಕ್ಕೆ ಹೇಳಿದೆ.

ಇಲ್ಲಿ ಕಾಲೇಜು ಹುಡುಗ ಹುಡುಗಿಯರು ತುಂಬ ಇದ್ದೀರಿ, ‘ಹಂಗರ್ ಗೇಮ್ಸ್’ ಬಗ್ಗೆ ಹೇಳದೆ ಹೋದರೆ ಬಿಡುವುದಿಲ್ಲ ಅಂತ ಗೊತ್ತು. ಸುಝಾನ್ ಕಾಲಿನ್ಸ್ 2008ರಲ್ಲಿ ಶುರು ಮಾಡಿದ ಕಥೆಗೆ 2020ರಲ್ಲಿ ಒಂದು ಪ್ರೀಕ್ವೆಲ್ ಬರೆದರು. ಮೊದಲ ಪುಸ್ತಕಗಳ ಕ್ರೂರ ಅಧ್ಯಕ್ಷ ಸ್ನೋ ಇದರಲ್ಲಿ ಹದಿನೆಂಟರ ಹುಡುಗ. ಮೇಲೆ ಹೇಳಿದ ಎರಡೂ ಗುಣ ಇದರಲ್ಲಿವೆ. ‘ಹ್ಯಾಂಗಿಂಗ್ ಟ್ರೀ’ ಹಾಡನ್ನು ಯಾರು ಕಟ್ಟಿದರು ಅಂತ ಹೇಳುವ ಕಡೆ ಅದೇ ದೀಪದ ಕಂಬದ ಚಾಳಿ. ಮೊದಲ ಪುಸ್ತಕಗಳ ನಾಯಕಿ ಕ್ಯಾಟ್ನಿಸ್ ಅಪ್ಪನಿಂದ ಕಲಿತ ಹಾಡು ಅಂತ ಇದ್ದಾಗಲೇ ಅದು ಹೆಚ್ಚು ಕಾಡುತ್ತಿತ್ತು. ಆದರೆ ಸ್ನೋ ಕೆಟ್ಟವನಾಗುವ ರೀತಿ ಇದೆಯಲ್ಲ, ಅದು ಗಟ್ಟಿ. ಇಂಥ ದಿನ, ಇಂಥ ಏಟಿಗೆ ಕೆಟ್ಟ ಅಂತ ತೋರಿಸುವ ಒಂದು ಜಾಗ ಸಿಗುವುದಿಲ್ಲ. ಹಸಿದ ಹುಡುಗ, ಮರ್ಯಾದೆ ಉಳಿಸಿಕೊಳ್ಳಬೇಕಾದ ಬಡ ಶ್ರೀಮಂತರ ಮನೆ, ಒಂದೊಂದು ಸಲವೂ ತನಗೆ ಅನುಕೂಲವಾದ ಸಣ್ಣ ತೀರ್ಮಾನ. ನಾವೂ ಅವನ ಜೊತೆ ತಲೆಯಾಡಿಸುತ್ತಾ ಎಷ್ಟೋ ದೂರ ಹೋಗಿರುತ್ತೇವೆ. ಮೂಲಕ್ಕೆ ಸಾಟಿ ಅನ್ನಲಾರೆ, ಕೊನೆಯ ಭಾಗ ಎಳೆದಿದ್ದಾರೆ. ನನ್ನ ಪರೀಕ್ಷೆಯಲ್ಲಿ ಪಾಸು.

ಇನ್ನು ನಮ್ಮ ಮನೆಯ ಹತ್ತಿರದ ಪುಸ್ತಕಗಳಿಗೆ ಬರೋಣ. ಕನ್ನಡದಲ್ಲಿ ಕಾದಂಬರಿಗೆ ಪ್ರೀಕ್ವೆಲ್ ಬರೆಯುವ ರೂಢಿ ಕಡಿಮೆ. ‘ಕರ್ವಾಲೊ’ಗೆ ಮುಂಚೆ ಮಂದಣ್ಣನ ಬಾಲ್ಯ ಅಂತ ಒಂದು ಬಂದರೆ ಹೇಗಿರುತ್ತದೆ ಯೋಚಿಸಿ. ಬಿರಿಯಾನಿ ಕರಿಯಪ್ಪ ಮೊದಲ ಬಿರಿಯಾನಿ ಮಾಡಿದ ಅಧ್ಯಾಯ ಅದರಲ್ಲಿ ಇದ್ದೇ ಇರುತ್ತದೆ. ದಯವಿಟ್ಟು ಬೇಡ.

ಆದರೆ ಕುವೆಂಪು ಏನು ಮಾಡಿದರು ನೋಡಿ. ‘ಕಾನೂರು ಸುಬ್ಬಮ್ಮ ಹೆಗ್ಗಡಿತಿ’ 1936ರಲ್ಲಿ ಬಂತು. ಆಮೇಲೆ ‘ಕಾನೂರು ಹೆಗ್ಗಡಿತಿ’ ಅಂತಲೇ ಮಾತಾಯಿತು. ‘ಮಲೆಗಳಲ್ಲಿ ಮದುಮಗಳು’ ಬಂದದ್ದು 1967ರಲ್ಲಿ. ನಡುವೆ ಮೂವತ್ತೊಂದು ವರ್ಷ. ಬರೆದದ್ದು ಆಮೇಲೆ, ಆದರೆ ಕಥೆಯ ಕಾಲ ಹಿಂದಿನದು. ಕಾನೂರಿನ ಹುಡುಗರು ಮೈಸೂರಿಗೆ ಹೋಗಿ ಓದಿ ಬರುತ್ತಾರೆ. ಮದುಮಗಳ ಕಾಲ ಹತ್ತೊಂಬತ್ತನೇ ಶತಮಾನದ ಕೊನೆ. ಅಲ್ಲಿ ಪಾದ್ರಿಯ ಸೈಕಲ್ಲು ಬಂದರೆ ಊರೆಲ್ಲ ‘ಬೀಸೆಕಲ್ಲು’ ನೋಡಲು ಬರುತ್ತದೆ. ಎರಡೂ ಕಥೆ ನಡೆಯುವುದು ಅದೇ ತೀರ್ಥಹಳ್ಳಿ ಸೀಮೆಯಲ್ಲಿ, ಅದೇ ತುಂಗೆ, ಅದೇ ದಟ್ಟ ಕಾಡು.

ಪ್ರೀಕ್ವೆಲ್ ಅಂತ ಯಾರೂ ಇದನ್ನು ಕರೆಯುವುದಿಲ್ಲ, ಕರೆಯಬೇಕಾಗಿಯೂ ಇಲ್ಲ. ಕಾನೂರಿನ ಚಂದ್ರಯ್ಯಗೌಡರ ಅಜ್ಜ ಇಲ್ಲಿ ಬರುವುದಿಲ್ಲ, ಹೂವಯ್ಯನ ಅಪ್ಪನ ಮದುವೆ ನಡೆಯುವುದಿಲ್ಲ. ಜನ ಮೆಚ್ಚಿದ ಮನೆತನದ ಹೆಸರನ್ನೇ ಇಟ್ಟುಕೊಂಡು ಹಿಂದಕ್ಕೆ ಹೋಗುವುದು ಎಷ್ಟು ಸುಲಭವಾಗಿತ್ತು! ಅವರು ಆ ಕೆಲಸ ಮಾಡಲಿಲ್ಲ. ಒಂದು ತಲೆಮಾರು ಹಿಂದೆ ಸರಿದು ಬೇರೆಯೇ ಜನರನ್ನು ನೋಡಿದರು. ಕಾನೂರಿನಲ್ಲಿ ನಡುವೆ ನಿಂತವನು ಹೂವಯ್ಯ. ಓದಿದವನು, ಆದರ್ಶವಾದಿ, ಬರೆದವರಿಗೂ ಅವನ ಮೇಲೆ ಪ್ರೀತಿ ಒಂದು ತೂಕ ಜಾಸ್ತಿ. ಕೆಲವು ಕಡೆ ಅವನು ಭಾಷಣ ಮಾಡುತ್ತಾನೆ ಅನ್ನುವ ದೂರನ್ನು ನಾನು ಒಪ್ಪುತ್ತೇನೆ. ಮದುಮಗಳಲ್ಲಿ ಹಾಗೆ ನಡುವೆ ನಿಲ್ಲುವವರು ಇಲ್ಲ. ಜೀತದ ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡುದಾರಿಯಲ್ಲಿ ನಡೆಯುತ್ತಾನೆ, ಕಾದಂಬರಿ ಅವನ ಹಿಂದೆ ಹೋಗುತ್ತದೆ. ಅವನಿಗೆ ತಿಮ್ಮಿಯನ್ನು ಹಾರಿಸಿಕೊಂಡು ಹೋಗಬೇಕು. ಐತ ಪೀಂಚಲು, ಮುಕುಂದಯ್ಯ ಚಿನ್ನಮ್ಮ, ಯಾರ ಆಸೆಯೂ ಇನ್ನೊಬ್ಬರದ್ದಕ್ಕಿಂತ ಸಣ್ಣದಲ್ಲ. ನಾಯಿಯ ದುಃಖವೂ ಸಣ್ಣದಲ್ಲ.

ಈಗ ಪರೀಕ್ಷೆ. ಮದುಮಗಳು ಮುಗಿಸಿ ಮತ್ತೆ ಕಾನೂರಿಗೆ ಹೋಗಿ. ಬೇಲರ ಬೈರ ಬಗನಿ ಮರದಿಂದ ಕದ್ದು ಕಳ್ಳು ಇಳಿಸುವ ಪ್ರಸಂಗ ನೆನಪಿದೆಯಲ್ಲ, ಮೊದಲ ಸಲ ಓದಿದಾಗ ನಗು ಬರುತ್ತದೆ. ಅದು ನಗಿಸುವ ಹಾಗೇ ಬರೆದದ್ದು. ಗುತ್ತಿಯ ಜೊತೆ ಅಷ್ಟು ದೂರ ನಡೆದು ಬಂದವರಿಗೆ ಬೈರನನ್ನು ಬರೀ ನಗೆಯ ಪಾತ್ರ ಅಂತ ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಇವನು ರಾತ್ರಿ ಏನು ಉಂಡ, ಇವನ ಹೆಂಡತಿಯನ್ನು ಇವನು ಹೇಗೆ ಕರೆತಂದ ಅಂತ ಮನಸ್ಸು ಕೇಳುತ್ತದೆ. ಅದೇ ಹೂವಯ್ಯ ಈಗ ಸ್ವಲ್ಪ ದೂರ ಸರಿದು ನಿಂತಿದ್ದಾನೆ ಅನ್ನಿಸುತ್ತದೆ. ಕುವೆಂಪು ತಮ್ಮದೇ ಹಳೆಯ ಪುಸ್ತಕವನ್ನು ಅಲುಗಾಡಿಸಿದರು. ರೀಸ್ ಇನ್ನೊಬ್ಬರ ಪುಸ್ತಕಕ್ಕೆ ಮಾಡಿದ್ದನ್ನು ಇವರು ತಮ್ಮದಕ್ಕೇ ಮಾಡಿಕೊಂಡರು, ಅದೂ ಸರಿಸುಮಾರು ಅದೇ ಸಮಯದಲ್ಲಿ. ಒಂದು 1966, ಇನ್ನೊಂದು 1967. ಒಬ್ಬರಿಗೊಬ್ಬರು ಗೊತ್ತಿರುವ ಸಂಭವವಿಲ್ಲ. ಸುಮ್ನೆ ಹೇಳಿದೆ, ನನಗೆ ಅದು ಖುಷಿ ಕೊಡುತ್ತದೆ.

ಸಾಟಿಯೇ ಅಂದರೆ, ನನ್ನ ಮಟ್ಟಿಗೆ ಮದುಮಗಳೇ ದೊಡ್ಡ ಪುಸ್ತಕ. ಹಾಗಂದರೆ ಕಾನೂರನ್ನು ಪ್ರೀತಿಸುವವರು ಈ ಊರಲ್ಲಿ ಜಾಸ್ತಿ ಇದ್ದಾರೆ, ಸಭೆ ಮುಗಿದ ಮೇಲೆ ಕಾಫಿಗೆ ಸಿಗೋಣ, ಅಲ್ಲೇ ವಾದ ಮಾಡೋಣ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು: ಮೊದಲ ಸಲ ಓದುವವರು ಯಾವ ಕ್ರಮದಲ್ಲಿ ಓದಬೇಕು, ಕಥೆಯ ಕ್ರಮದಲ್ಲೋ, ಬರೆದ ಕ್ರಮದಲ್ಲೋ? ಬರೆದ ಕ್ರಮದಲ್ಲಿ ಅಂದೆ. ನಾರ್ನಿಯಾ ಪುಸ್ತಕಗಳಿಗೆ ಪ್ರಕಾಶಕರು ಈಗ ಕಥೆಯ ಕ್ರಮದಲ್ಲಿ ನಂಬರ್ ಹಾಕುತ್ತಾರೆ, ಮಕ್ಕಳು ಕಬ್ಬಿಣದ ತುಂಡನ್ನು ಮೊದಲು ನೋಡಿ ಆಮೇಲೆ ಕಂಬದ ಹತ್ತಿರ ಬರುತ್ತಾರೆ. ಲೂಯಿಸ್‌ಗೇ ಒಬ್ಬ ಹುಡುಗ ಪತ್ರ ಬರೆದು ಆ ಕ್ರಮ ಸರಿ ಅಂದಾಗ ಅವರೂ ಹೂಂ ಅಂದಿದ್ದರು. ಆದರೂ ನಾನು ಒಪ್ಪುವುದಿಲ್ಲ. ಬರ್ಥಾಳಿಗೆ ಮೊದಲು ಹೆದರಿದವರಿಗೇ ಆಮೇಲೆ ಆಂಟ್ವಾನೆಟ್ ದಕ್ಕುವುದು. ಕಾನೂರು, ಮದುಮಗಳ ವಿಷಯದಲ್ಲಿ ಮಾತ್ರ ಯಾವುದು ಕೈಗೆ ಸಿಗುತ್ತದೋ ಅದರಿಂದ ಶುರು ಮಾಡಿ.

ಸಹ್ಯಾದ್ರಿ ಕಾಲೇಜಿನ ಕಡೆಯಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆ ಇನ್ನೂ ಚೆನ್ನಾಗಿತ್ತು. ಕನ್ನಡದಲ್ಲಿ ಒಂದೇ ಒಂದು ಪ್ರೀಕ್ವೆಲ್ ಬರೆಯಲು ಬಿಟ್ಟರೆ ಯಾವುದಕ್ಕೆ ಬರೆಸುತ್ತೀರಿ ಸಾರ್ ಅಂತ.

ಸುಬ್ಬಮ್ಮ ಚಂದ್ರಯ್ಯಗೌಡರಿಗೆ ಮೂರನೇ ಹೆಂಡತಿ. ಅವಳು ಬರುವ ಹೊತ್ತಿಗೆ ಹಿಂದಿನ ಇಬ್ಬರೂ ಸತ್ತಿದ್ದಾರೆ. ರಾಮಯ್ಯ ಆ ಹಿಂದಿನ ಸಂಸಾರದ ಮಗ. ಅಷ್ಟು ದೊಡ್ಡ ಕಾದಂಬರಿಯಲ್ಲಿ ಆ ಇಬ್ಬರು ಹೆಂಗಸರಿಗೆ ಜಾಗ ಇಲ್ಲ. ಬರ್ಥಾಳ ಹಾಗೆ, ಮುಂದಿನವಳಿಗೆ ದಾರಿ ಬಿಡುವುದಷ್ಟೇ ಅವರ ಕೆಲಸ. ಅವರ ಮನೆಯ ಅಡುಗೆ ಕೋಣೆ, ಅವರ ಹೆರಿಗೆ, ಅವರು ಗಂಡನನ್ನು ಕಂಡ ರೀತಿ, ಅದನ್ನು ಒಬ್ಬರು ಬರೆಯಬೇಕು. ಹೂವಯ್ಯ ತೊಟ್ಟಿಲಲ್ಲಿ ಮಲಗಿ ಆಕಾಶ ನೋಡುತ್ತಿದ್ದ ಅನ್ನುವಂಥ ಸಾಲು ಅದರಲ್ಲಿ ಇರಕೂಡದು. ನೆಲ್ಲುಹಳ್ಳಿಯಲ್ಲಿ ಹೆಣ್ಣು ನೋಡಲು ಗೌಡರು ಗಾಡಿ ಕಟ್ಟಿಸುವ ಮುಂಚೆಯೇ ಪುಸ್ತಕ ಮುಗಿಯಬೇಕು. ನೀನೇ ಬರೀಮ್ಮಾ ಅಂದೆ. ‘ನಮ್ಮಜ್ಜಿ ಹತ್ರ ಕೇಳಿ ಶುರು ಮಾಡ್ತೀನಿ ಸಾರ್’ ಅಂದಳು.